ಇಪ್ಪತ್ತಾರು ಯೆನ್ ಕಡಿಮೆ

ಉವಾಜಿಮಾ ದಾಟಿ, ಬಸ್ಸು ಕೊನೆಗೆ ನಿಂತು ತಿರುಗುವಲ್ಲಿ
ನಮ್ಮ ಅಂಚೆಕಚೇರಿ. ಒಂದೇ ಕಿಟಕಿ. ಅದರ ಹಿಂದೆ ನಾನು.
ಮೇಜಿನ ಖಾನೆಗಳಲ್ಲಿ ಬೀಗಕ್ಕಿಂತ ಮರ್ಯಾದೆ ಹೆಚ್ಚು:
ಮದುವೆಯದು ಮೇಲೆ, ಸಾವಿನದು ಕೆಳಗೆ,
ನಡುವೆ ಹೂವು, ಹಕ್ಕಿ, ದೀಪಸ್ತಂಭ, ಬೆಕ್ಕು.

ಲಕೋಟೆ ಮುಂದಿಟ್ಟು ಜನ
"ಏನೋ ಒಂದು ಹಚ್ಚಿ" ಅನ್ನುತ್ತಾರೆ.
ಏನೋ ಒಂದು ಅಂತ ಯಾವುದೂ ಇಲ್ಲ.
ತೆರಿಗೆ ಕಚೇರಿಗೆ ಬೆಕ್ಕಿನಮರಿ ಕಳಿಸಬಾರದು.
ಬಾಕಿ ಕೇಳುವ ಪತ್ರಕ್ಕೆ ಚೆರ್ರಿ ಹೂವು ಹಚ್ಚಿದರೆ
ಕೊಡಬೇಕಾದವನು ಇನ್ನೊಂದು ವಸಂತ ಕಾಯಿಸುತ್ತಾನೆ.
ಆಸ್ಪತ್ರೆಯಲ್ಲಿ ಮಲಗಿದವರಿಗೆ ಉದುರುವ ಎಲೆ ಬೇಡ,
ಕುಂಡದ ಗಿಡವೂ ಬೇಡ,
ಹಾಸಿಗೆಗೇ ಬೇರು ಬಿಟ್ಟೀತು.
ಮದುವೆಗೆ ಕೊಕ್ಕರೆ ಸರಿ. ಓರೆಯಾಗದಂತೆ ನೋಡಿಕೊಳ್ಳಿ,
ಓರೆಯಾದರೆ ಜೋಡಿ ಹಾರುವ ಬದಲು
ಜಾರುತ್ತಿರುವಂತೆ ಕಾಣುತ್ತದೆ.

ಸೂತಕದ ಪತ್ರಕ್ಕೆ ಮಸಿ ತೆಳು,
ಕಣ್ಣೀರು ಬಿದ್ದು ನೀರಾದಂತೆ.
ಲಕೋಟೆ ಒಂದೇ ಪದರ. ಅಂಚೆಚೀಟಿ ಒಂದೇ.
ಎರಡು ಹಚ್ಚಿದರೆ ದುಃಖ ದಾರಿ ಕಲಿತು
ಮತ್ತೆ ಬರುತ್ತದೆ ಅಂತ ನನಗೆ ಹೇಳಿದ್ದು
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಯಸುನೋ.
ಅವಳಿಗೆ ಹೇಳಿದ್ದು ಯಾರೋ.

ಮೊನ್ನೆ ಮಧ್ಯಾಹ್ನ, ದೋಣಿ ಕಟ್ಟುವ ಇಸೋಜಿ ಬಂದ.
ಉಗುರಲ್ಲಿ ರಾಳ. ಲಕೋಟೆಯನ್ನು ಮಾತ್ರ
ಸುದ್ದಿಪತ್ರಿಕೆಯಲ್ಲಿ ಸುತ್ತಿ ತಂದಿದ್ದ.
ತೆಳು ಮಸಿಯಲ್ಲಿ ಸೆತ್ಸುಯೋ ಹೆಸರು.
ಊರಿಗೆಲ್ಲ ಗೊತ್ತು: ಅವಳ ಗಂಡನೂ ಇವನೂ
ಒಂದು ಇಂಜಿನ್ನಿನ ಲೆಕ್ಕಕ್ಕೆ
ಹತ್ತೊಂಬತ್ತು ವರ್ಷ ಮಾತು ಬಿಟ್ಟವರು.
ಇವನ ಹೆಂಡತಿಗೆ ಆತ ಒಡಹುಟ್ಟಿದ ಅಣ್ಣ.

"ಒಳಗೆ ಲೆಕ್ಕದ ಹಾಳೆಯೂ ಇದೆ," ಅಂದ.
"ಬಾಕಿ ತೀರಿತು ಅಂತ ಬರೆದಿದ್ದೀನಿ. ತೀರಿಲ್ಲ, ಆದರೂ.
ಇದು ವ್ಯವಹಾರದ ಪತ್ರವೋ, ಮನೆಯ ಪತ್ರವೋ?
ಯಾವುದು ಹಚ್ಚೋದು?"

ಯಸುನೋ ಇದನ್ನು ಹೇಳಿಕೊಟ್ಟಿರಲಿಲ್ಲ.

ನಾನು ಕೆಳಗಿನ ಖಾನೆಗೆ ಬಗ್ಗುವಷ್ಟರಲ್ಲಿ
ಅವನೇ ಪರ್ಸು ಬಿಚ್ಚಿ ಒಂದನ್ನು ತೆಗೆದ.
ಬೂದುಬಣ್ಣದ ಹೂವು, ಅಂಚು ಮಡಚಿದೆ.
ಫುಸೆ ಹೋದ ವರ್ಷ ಹತ್ತು ಕೊಂಡಿದ್ದನಂತೆ.
ಒಂಬತ್ತು ಮನೆಗೆ ಬರೆದ. ಹತ್ತನೆಯ ಮನೆಗೆ
ಬರೆಯಲಿಲ್ಲ.

ಆಗ ಎಂಬತ್ತನಾಲ್ಕು. ಈಗ ನೂರಹತ್ತು.
"ಇಪ್ಪತ್ತಾರು ಯೆನ್ ಕಡಿಮೆ," ಅಂದೆ.
ಅಂಥ ಮಾತಿಗೆ ಬೇರೆ ದನಿ ಬೇಕಿತ್ತು;
ನನ್ನ ಬಳಿ ಇದ್ದದ್ದು ಕಿಟಕಿಯ ದನಿ.
ಇದಕ್ಕೆ ಇನ್ನೊಂದು ಸೇರಿಸುವ ಹಾಗಿಲ್ಲ, ಅಂದೆ.
ಇದನ್ನು ಕೊಡಿ, ಸಣ್ಣ ಶುಲ್ಕ, ವ್ಯತ್ಯಾಸ ಕಟ್ಟಿದರೆ
ಹೊಸದೊಂದು ಕೊಡುತ್ತೇನೆ.

ಅಂಚೆಚೀಟಿಯ ಮೇಲೆ ಬೆರಳಿಟ್ಟು ಮುಚ್ಚಿದ.
"ಇದು ಫುಸೆಯದು.
ಅಣ್ಣನ ಮನೆಗೆ ಅವಳೂ ಬರೆಯಬೇಕಲ್ಲ."

ಚಿಲ್ಲರೆ ಬೆಲೆಯವು ಮೂರು ಸೇರಿಸಿದರೆ ಸರಿಹೋಗುತ್ತಿತ್ತು.
ಬೇಡವೆಂದ. ಒಂದೇ ಸಾಕು, ಅದು ನನ್ನದು.
ಐವತ್ತರದು ಕೊಟ್ಟೆ: ಯಾವುದೋ ಬೆಟ್ಟದ ಪ್ರಾಣಿ,
ಸಾವಿಗೂ ಹುಟ್ಟಿಗೂ ಸಂಬಂಧವಿಲ್ಲದ ಮುಖ.
ಮಿಕ್ಕ ಇಪ್ಪತ್ತನಾಲ್ಕು ಯೆನ್ ಯಾರ ಲೆಕ್ಕಕ್ಕೂ ಸೇರದು.

ಎಂಜಲು ಮಾಡಬೇಡಿ ಅಂತಲೇ ಒದ್ದೆ ಸ್ಪಂಜು ಇಟ್ಟಿದ್ದೇನೆ.
ಪ್ರಾಣಿಗೆ ಸ್ಪಂಜು ಮುಟ್ಟಿಸಿದ.
ಹೂವನ್ನು ನಾಲಿಗೆಗೆ ಹಚ್ಚಿದ, ಕಣ್ಣು ಮುಚ್ಚಿ.
ನಾನು ಗಡಿಯಾರ ನೋಡಿದೆ.

ಎರಡರ ಅಂಚಿಗೂ ತಾಗುವಂತೆ ಮುದ್ರೆ ಒಂದೇ ಒತ್ತಿದೆ,
ಉಸಿರು ಹಿಡಿದು. ಸ್ವಲ್ಪ ಎಡಕ್ಕೆ ಹೋಯಿತು.

ಬಾಗಿಲವರೆಗೆ ಹೋದವನು ತಿರುಗಿ ಬಂದು
ರಸೀದಿ ಕೇಳಿದ. ಐವತ್ತು ಯೆನ್ನಿನದು.
ಯಾವ ಹೆಸರಿಗೆ ಬರೆಯಲಿ, ಅಂದೆ.
ಕಾರ್ಖಾನೆಯ ಹೆಸರಿಗೆ, ಅಂದ.
ಅರ್ಧ ಬರೆದಿದ್ದೆ,
ಬೇಡ, ಅಂದ.